ಒಳಬೀದಿ ಕಾಯುತ್ತಿದ್ದ ಭಾವ

ಇಡೀ ಕಟ್ಟಡ ಅವರನ್ನು ಭಾವ ಎಂದೇ ಕರೆಯುತ್ತಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯಲ್ಲಿ ಫೋನ್ ಎತ್ತುವ ಹೆಂಗಸರವರೆಗೆ ಎಲ್ಲರಿಗೂ ಭಾವ. ದೊಡ್ಡ ಸಾಹೇಬರು ಕೂಡ ಒಮ್ಮೆ ಮೀಟಿಂಗಿನಲ್ಲಿ ಬಾಯಿತಪ್ಪಿ ಹಾಗೇ ಕರೆದು, ಆಮೇಲೆ ಕೆಮ್ಮಿ ಸುಧಾರಿಸಿಕೊಂಡರಂತೆ. ಆ ಹೆಸರು ತಂದವನು ಅವರ ಹೆಂಡತಿಯ ತಮ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನವೆಲ್ಲ ಭಾವ ಭಾವ ಎನ್ನುತ್ತಿದ್ದ, ಅದು ಎಲ್ಲರ ಬಾಯಿಗೂ ಅಂಟಿಕೊಂಡಿತು. ನಾನು ಹೇಳುತ್ತಿರುವ ಕಾಲಕ್ಕೆ ಅವರನ್ನು ಹಾಗೆ ಕರೆಯದೆ ಇದ್ದವನು ಅವನೊಬ್ಬನೇ.

ಅದು ಆಂಬುಲೆನ್ಸ್ ಕರೆಗಳ ಕಟ್ಟಡ. ಯಾರಾದರೂ ಮೆಟ್ಟಿಲಿಂದ ಬಿದ್ದರೆ, ಯಾರಿಗಾದರೂ ಎದೆನೋವು ಬಂದರೆ ಫೋನು ಅಲ್ಲಿಗೆ ಬರುತ್ತದೆ. ಮೇಲಿನ ಮಹಡಿಯವರು ಎಲ್ಲಿ, ಏನಾಯಿತು ಎಂದು ಕೇಳಿ ಹತ್ತಿರದ ಗಾಡಿ ಕಳಿಸುತ್ತಾರೆ. ಕೆಳಗಿನ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಒಂದು ಸರ್ವರ್. ಮೇಲಿನವರ ಕೆಲಸವೆಲ್ಲ ಅದರಿಂದಲೇ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಭಾವ ಮತ್ತು ಅವರ ಭಾವಮೈದ. ಆ ಕೋಣೆಯನ್ನು ತಣ್ಣಗಿಡುವ ಎ.ಸಿ. ಕೆಲಸ ನನ್ನದು. ಹಾಗಾಗಿ ಅವರಿಬ್ಬರನ್ನೂ ಹತ್ತಿರದಿಂದ ನೋಡಿದ್ದೇನೆ.

ಭಾವಮೈದನನ್ನು ಎಲ್ಲರೂ ಬ್ಯಾಟರಿ ಎನ್ನುತ್ತಿದ್ದರು. ಮೊದಲು ಬ್ಯಾಟರಿ ಅಂಗಡಿಯಲ್ಲಿ ಆಸಿಡ್ ತುಂಬಿಸುತ್ತಿದ್ದ. ಅವನ ಹಳೇ ಅಂಗಿಗಳಲ್ಲೆಲ್ಲ ಸಣ್ಣ ಸಣ್ಣ ಸುಟ್ಟ ತೂತು. ಭಾವ ಕಂಬ ಹತ್ತಿ ಫೋನ್ ತಂತಿ ಎಳೆಯುತ್ತಿದ್ದವರು. ಮಂಡಿ ನೋವು ಶುರುವಾದ ಮೇಲೆ ಇಲ್ಲಿಗೆ ಹಾಕಿದರು. ತಮ್ಮನಿಗೂ ಒಂದು ದಾರಿ ಮಾಡಿ ಎಂದು ಹೆಂಡತಿ ಜೀವ ತಿಂದಳು, ಅವನನ್ನೂ ಕರೆದು ತಂದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಊಟದ ಡಬ್ಬಿ ಕಟ್ಟುವಾಗ ಗಂಡನಿಗೆ, ತಮ್ಮನಿಗೆ ಅಲ್ಲದೆ ನನ್ನ ಪಾಲಿಗೂ ಒಂದಿಷ್ಟು ಹಾಕುತ್ತಿದ್ದರು.

ಆ ಸರ್ವರ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನೋಡಲು ಒಂದು ಕಬ್ಬಿಣದ ಕಪಾಟು. ಒಳಗೆ ಎಡಕ್ಕೊಂದು ಬಲಕ್ಕೊಂದು ಎರಡು ಅರ್ಧಗಳು. ಎರಡೂ ಒಂದೇ ಕೆಲಸವನ್ನು ಒಂದೇ ಹೊತ್ತಿಗೆ ಮಾಡುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಮೇಲೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಕೂರಿಸಲು ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದರು, ಸಣ್ಣ ವಯಸ್ಸು, ತಾಳ್ಮೆಯ ಹೆಂಗಸು. ಭಾವ ಕಪಾಟಿನ ಹಿಂದೆ ಹೋಗಿ, ಬಗ್ಗಿ, ಟಾರ್ಚ್ ಹಾಕಿ ಹುಡುಕಿದರು. ಎರಡು ಅರ್ಧಗಳ ನಡುವೆ ಒಂದು ತಂತಿಯೂ ಕಾಣಲಿಲ್ಲ. ಜೀವಮಾನವೆಲ್ಲ ತಂತಿ ಎಳೆದವರು, ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಇವು ಒಂದಕ್ಕೊಂದು ಮಾತಾಡುವುದು ಹೇಗೆ ಎಂದು ಕೇಳಿದರು.

ಆಕೆ ಸ್ಕ್ರೀನು ತಿರುಗಿಸಿ ತೋರಿಸಿದರು. ಪ್ರತಿ ಅರ್ಧದೊಳಗೂ ಬೇರೆ ಬೇರೆ ಭಾಗಗಳಿವೆ. ಲೆಕ್ಕ ಮಾಡುವುದು ಒಂದು, ಬಿಸಿ ನೋಡಿಕೊಳ್ಳುವುದು ಒಂದು, ಕರೆಂಟು ನೋಡಿಕೊಳ್ಳುವುದು ಒಂದು. ಮನೆಗೆ ಬಾಗಿಲ ಸಂಖ್ಯೆ ಇದ್ದ ಹಾಗೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಯಾರು ಯಾರ ಬಾಗಿಲಿಗೆ ಬೇಕಾದರೂ ಮಾತು ಕಳಿಸಬಹುದು. ಇದು ಒಳಗಿನವರಿಗೆ ಮಾತ್ರ ಇರುವ ನೆಟ್‌ವರ್ಕು, ಹೊರಗಿನವರಿಗೆ ಕಾಣುವುದಿಲ್ಲ ಎಂದರು.

"ಮತ್ತೆ ತಂತಿ?" ಎಂದರು ಭಾವ.

"ಇವುಗಳ ಮಧ್ಯೆ ಅಂತಲೇ ಎಳೆದ ತಂತಿ ಇಲ್ಲ ಸರ್, ಎರಡೂ ಕೂತಿರೋ ಹಲಗೆಯಲ್ಲೇ ದಾರಿ ಇದೆ. ತಂತಿ ಇದೆ ಅಂತ ಒಳಗಿರೋರೆಲ್ಲ ಒಪ್ಕೊಂಡಿದಾರೆ. ಒಪ್ಕೊಂಡರೆ ಸಾಕು, ಮಾತು ಹೋಗುತ್ತೆ."

ಭಾವ ತಲೆ ಕೆರೆದುಕೊಂಡು, ನಮ್ಮ ಇಲಾಖೆಗೆ ಇದು ಮೊದಲೇ ತಿಳಿದಿದ್ದರೆ ನನ್ನ ಮಂಡಿ ಉಳಿಯುತ್ತಿತ್ತು ಎಂದರು. ಆಕೆ ನಕ್ಕರು. ಆವತ್ತೇ ಭಾವ ಅದಕ್ಕೆ ಒಳಬೀದಿ ಎಂದು ಹೆಸರಿಟ್ಟರು. ಎಡಗಡೆಯದು ಬಲಗಡೆಯದನ್ನು ಸದಾ ಇದ್ದೀಯಾ ಎಂದು ಕೇಳುತ್ತದೆ, ಅದು ಇದ್ದೀನಿ ಎನ್ನುತ್ತದೆ, ಇದು ಒಂದು ಕ್ಷಣವೂ ನಿಲ್ಲುವುದಿಲ್ಲ ಎಂದು ಆಕೆ ಹೇಳಿದರು. ಉತ್ತರ ಬರದಿದ್ದರೆ ಏನು ಮಾಡುತ್ತದೆ ಎಂದು ಭಾವ ಕೇಳಿದರು. ಇನ್ನೊಂದು ಸತ್ತಿದೆ ಅಂದುಕೊಂಡು ಒಂದೇ ನಡೆಸುತ್ತದೆ ಎಂದರು ಆಕೆ.

"ಸತ್ತಿರಲ್ಲ, ದಾರಿ ಮಾತ್ರ ಮುಚ್ಚಿರುತ್ತೆ ಅಂದ್ರೆ?"

"ಅದೇ ಸರ್ ಕಷ್ಟ," ಎಂದರು ಇಂಜಿನಿಯರಮ್ಮ. "ಅದಕ್ಕೇ ಒಳಗೆ ಇನ್ನೊಂದು ದಾರಿ ಇಟ್ಟಿರ್ತೀವಿ."

ಆ ದಿನ ಭಾವ ಮತ್ತೆ ಮತ್ತೆ ಹೊರಗೆ ಹೋಗಿ ಮನೆಗೆ ಫೋನ್ ಮಾಡುತ್ತಿದ್ದರು. ಅಕ್ಕನಿಗೆ ಹೊಟ್ಟೆಯೊಳಗಿನ ಕಾಯಿಲೆ. ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಬ್ಯಾಟರಿ ಆಗ ಊರಲ್ಲಿ ಇರಲಿಲ್ಲ. ಇದೇ ಸರ್ವರಿನ ತರಬೇತಿಗೆ ಕಂಪನಿಯವರ ಊರಿಗೆ ಹೋಗಿದ್ದ. ಅವನು ಅಲ್ಲಿಂದ ಫೋನ್ ಮಾಡಿ ಅಕ್ಕ ಹೇಗಿದಾಳೆ ಎಂದಾಗಲೆಲ್ಲ ಭಾವ ಚೆನ್ನಾಗಿದಾಳೆ ಎನ್ನುತ್ತಿದ್ದರು. ಅವನು ತರಬೇತಿ ಮುಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಸ್ ನಿಲ್ದಾಣದಿಂದ ನೇರವಾಗಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಮಂಚ ಖಾಲಿ ಇತ್ತು. ಅವನು ಅಳಲಿಲ್ಲ, ಕೂಗಾಡಲಿಲ್ಲ. ಒಂದು ಮಾತು ಹೇಳೋಕಾಗಲಿಲ್ವಾ ಎಂದು ಮಾತ್ರ ಕೇಳಿದ. ಅವನು ಹೊರಟು ಹೋದ. ಆಮೇಲೆ ಅವರಿಬ್ಬರ ನಡುವೆ ಮಾತಿಲ್ಲ.

ಆದರೆ ಕೆಲಸ ಬಿಡುವ ಹಾಗಿರಲಿಲ್ಲ. ಇಬ್ಬರೂ ಅದೇ ಕೋಣೆ, ಅದೇ ಯಂತ್ರ. ಅದರ ಧೂಳು ತಡೆಯುವ ಜಾಲರಿಗಳನ್ನು ಆಗಾಗ ತೆಗೆದು ಬದಲಿಸಬೇಕು. ಅದನ್ನು ಯಾರೂ ಒಬ್ಬರೇ ಮಾಡುವ ಹಾಗಿಲ್ಲ, ಮುಂದೊಬ್ಬರು ಹಿಂದೊಬ್ಬರು ಇರಲೇಬೇಕು ಎಂದು ನಿಯಮ. ಮುಂದಿರುವವರು ಗುಂಡಿ ಒತ್ತಿ ಒಂದು ಅರ್ಧವನ್ನು ನಿಲ್ಲಿಸುತ್ತಾರೆ. ದೀಪ ಆರಿದ ಮೇಲೆ ಹೇಳುತ್ತಾರೆ. ಹಿಂದಿರುವವರು ಕೇಬಲ್ ಎಳೆದು, ಜಾಲರಿ ಬದಲಿಸಿ, ಮತ್ತೆ ಸಿಕ್ಕಿಸಿ ಹೇಳುತ್ತಾರೆ. ಆಗ ನಿಂತಿದ್ದ ಅರ್ಧ ಎದ್ದು, ಓಡುತ್ತಿರುವ ಅರ್ಧದಿಂದ ನೆನಪನ್ನೆಲ್ಲ ತುಂಬಿಕೊಳ್ಳುತ್ತದೆ. ದೀಪ ಹಳದಿ ಇರುವಷ್ಟು ಹೊತ್ತು ತುಂಬುತ್ತಿದೆ ಎಂದರ್ಥ. ಹಸಿರಾದ ಮೇಲೆ ಇನ್ನೊಂದರ ಸರದಿ. ಹಳದಿ ಇರುವಾಗ ಓಡುತ್ತಿರುವುದನ್ನು ಮುಟ್ಟಿದರೆ ಎರಡೂ ಹೋದವು. ದೀಪ ಕಾಣುವುದು ಮುಂದಿರುವವರಿಗೆ ಮಾತ್ರ. ಹಿಂದಿರುವವನಿಗೆ ಮುಂದಿರುವವರ ಬಾಯೇ ಕಣ್ಣು.

ಮಾತು ಬಿಟ್ಟವರು ಇದನ್ನು ಹೇಗೆ ಮಾಡುತ್ತಾರೆ ಎಂದು ನಾನು ಕಾದು ನೋಡಿದೆ. ಅವರು ಯಂತ್ರಕ್ಕೆ ಮಾತಾಡಿದರು. ಭಾವ ಕಪಾಟಿನ ಬಾಗಿಲು ನೋಡಿಕೊಂಡು, ಎಡಗಡೆಯದು ಮಲಗಿತು, ಎನ್ನುತ್ತಿದ್ದರು. ಹಿಂದಿನಿಂದ ಬ್ಯಾಟರಿ ಫ್ಯಾನುಗಳಿಗೆ ಹೇಳುವ ಹಾಗೆ, ಎಡಗಡೆಯದು ಏಳಲಿ, ಎನ್ನುತ್ತಿದ್ದ. ಟೀ ಬಂದಿದ್ದರೆ, ಬಿಸಿ ಆರುತ್ತೆ ಬೇಕಾದವರು ಕುಡೀಬಹುದು ಎಂದು ಗೋಡೆಗೆ ಹೇಳುತ್ತಿದ್ದರು ಭಾವ. ಬ್ಯಾಟರಿ ಬಂದು ಕುಡಿದು, ಲೋಟ ತೊಳೆದು ಬೋರಲು ಹಾಕುತ್ತಿದ್ದ. ನಾಳೆ ಯಾರೋ ರಜ ಹಾಕಿದಾರೆ ಎಂದು ಅವನು ನನಗೆ ಹೇಳುತ್ತಿದ್ದ, ಭಾವನಿಗೆ ಕೇಳಿಸುವಷ್ಟು ಜೋರಾಗಿ. ಯಾರೋ ಎಂದರೆ ಅವನೇ.

ಮೇಲಿನ ಮಹಡಿಯವರು ಇದನ್ನು ಬಿಡುತ್ತಾರೆಯೇ. ಕೆಳಗಡೆ ಮೂಕಿ ಸಿನಿಮಾ ನಡೀತಿದೆ, ಟಿಕೆಟ್ ಬೇಡ ಹೋಗಿ ನೋಡ್ಕೊಂಡು ಬನ್ನಿ ಎಂದು ಹೊಸಬರಿಗೆ ಹೇಳಿ ಕಳಿಸುತ್ತಿದ್ದರು. ಅಲ್ಲಿನ ಮೇಲ್ವಿಚಾರಕಿ ಮೇಡಂ ಬಾಯಿ ಚುರುಕು. ಒಂದು ಮಷಿನ್ನಿಗೆ ಎರಡು ತಲೆ, ಅದನ್ನ ನೋಡ್ಕೊಳ್ಳೋ ಇಬ್ಬರಿಗೂ ಸೇರಿ ಒಂದು ಬಾಯಿಲ್ಲ ಎಂದು ಅವರು ಮೆಟ್ಟಿಲ ಮೇಲೆ ನಿಂತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಭಾವ ಕೂಡ ನಕ್ಕರು. ನಕ್ಕು ಒಳಗೆ ಹೋಗಿ ಸ್ಕ್ರೀನಿನ ಮುಂದೆ ಕೂತರು. ಕೆಲಸವಿಲ್ಲದಾಗ ಅವರು ಒಳಬೀದಿಯನ್ನೇ ನೋಡುತ್ತಿದ್ದರು. ಬಾಗಿಲ ಸಂಖ್ಯೆಗಳು ಸಾಲಾಗಿ, ಪ್ರತಿಯೊಂದರ ಪಕ್ಕ ಒಂದು ಹಸಿರು ಚುಕ್ಕೆ. ಬಿಸಿ ನೋಡಿಕೊಳ್ಳುವುದು ಒಮ್ಮೊಮ್ಮೆ ತಡವಾಗಿ ಉತ್ತರ ಕೊಡುತ್ತಿತ್ತು. ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದರು. ಸೋಮಾರಿ ಎದ್ದಿದೆ ನೋಡು ಇವತ್ತು ಎಂದು ನನಗೆ ಹೇಳುವುದು, ಇದೇ ಅವರ ದಿನದ ಹರಟೆ.

ಒಂದು ಭಾನುವಾರ ಅವರ ಮನೆಯ ಫ್ರಿಜ್ ಕೆಟ್ಟಿತು ಎಂದು ಕರೆದರು. ಒಂದು ಕೋಣೆ, ಒಂದು ಅಡುಗೆಮನೆ. ಮಂಚ ಗೋಡೆಗೆ ಒತ್ತಿಕೊಂಡಿತ್ತು, ಅದರ ಮೇಲೆ ಹಾಸಿಗೆ ಇರಲಿಲ್ಲ. ಅವರು ನೆಲದ ಮೇಲೆ ಮಲಗುತ್ತಾರೆ ಎಂದು ಮಡಿಸಿಟ್ಟ ಚಾಪೆ ನೋಡಿದರೆ ತಿಳಿಯುತ್ತಿತ್ತು. ಒಲೆಯ ಮೇಲೆ ಒಂದೇ ಪಾತ್ರೆ. ಫ್ರಿಜ್ಜಿನಲ್ಲಿ ಒಂದು ಹಾಲಿನ ಪ್ಯಾಕೆಟ್ಟು, ಅರ್ಧ ನಿಂಬೆಹಣ್ಣು. ಅದರ ಬಾಗಿಲ ಖಾನೆಯಲ್ಲಿ ಅಕ್ಕನ ಔಷಧಿ ಬಾಟಲಿಗಳು ಇನ್ನೂ ಹಾಗೇ ನಿಂತಿದ್ದವು. ಇಷ್ಟಕ್ಕೆ ಫ್ರಿಜ್ ಯಾಕೆ ಭಾವ, ಹಾಲು ದಿನಾ ತರಬಹುದಲ್ಲ ಎಂದೆ. ಅದು ಗುಂಯ್ ಅಂತಿದ್ದರೆ ಮನೇಲಿ ಇನ್ನೊಬ್ಬರು ಇದ್ದ ಹಾಗಿರುತ್ತೆ ಎಂದರು. ನಾನು ಫ್ರಿಜ್ಜನ್ನು ಮುಂದಕ್ಕೆಳೆದು ಅದರ ಹಿಂದೆ ಕೂತೆ.

ನಾನು ಹಿಂದೆ ಕೂತ ಮೇಲೆ, ಮುಖ ಕಾಣದ ಮೇಲೆ, ಅವರು ಮಾತಾಡಿದರು. ಅಕ್ಕನೇ ಬೇಡ ಎಂದಿದ್ದಳಂತೆ. ತಮ್ಮ ಚಿಕ್ಕಂದಿನಿಂದ ಯಾವುದರಲ್ಲೂ ಪಾಸಾದವನಲ್ಲ. ಮೊದಲನೇ ಸಲ ಇಷ್ಟು ಜನರಲ್ಲಿ ಅವನನ್ನು ಆರಿಸಿ ಕಳಿಸಿದ್ದಾರೆ. ಹೇಳಿದರೆ ಬಿಟ್ಟು ಓಡಿ ಬರುತ್ತಾನೆ, ಕಲಿತು ಬರಲಿ, ಅಲ್ಲಿಯವರೆಗೆ ನಾನು ತಡೆಯುತ್ತೇನೆ ಎಂದಳಂತೆ. ಗಂಡನ ಕೈ ಹಿಡಿದು ಮಾತು ತಗೊಂಡಿದ್ದಳು. ತಡೆಯಲು ಆಗಲಿಲ್ಲ.

ಇದನ್ನು ಅವನಿಗೆ ಹೇಳಿದರೆ ಮುಗಿಯಿತಲ್ಲ ಎಂದೆ ನಾನು ಹಿಂದಿನಿಂದ.

"ಅವಳು ಹೋಗಿದಾಳೆ. ಅವಳ ಮೇಲೆ ಹಾಕಿ ನಾನು ಕೈ ತೊಳ್ಕೊಳ್ಳೋದಾ?" ಎಂದರು. ಆಮೇಲೆ, "ಆದ್ರೂ ಹೇಳ್ಬೇಕು ಅನ್ಸುತ್ತೆ ಕಣಪ್ಪಾ. ಅವನಿಗಿರೋದು ನಾನೊಬ್ಬ, ನನಗಿರೋದು ಅವನೊಬ್ಬ," ಎಂದರು.

ಬ್ಯಾಟರಿ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹಿಂದೆಯೇ ಹೋಗಿದ್ದರು. ಅವನನ್ನು ಸಾಕಿದವಳೇ ಅಕ್ಕ.

ಹೀಗೇ ವರ್ಷಗಳು ಕಳೆದವು. ಆಮೇಲೆ ಒಂದು ದಿನ ಆಫೀಸಿನಿಂದ ಸುದ್ದಿ ಬಂತು. ಸರ್ವರಿಗೆ ವಯಸ್ಸಾಗಿದೆ, ಇನ್ನು ಮುಂದೆ ಎಲ್ಲವೂ ಎಲ್ಲೋ ದೂರದ ಯಂತ್ರಗಳಲ್ಲಿ ನಡೆಯುತ್ತದೆ, ಕೆಳಗಿನ ಕೋಣೆ ಖಾಲಿ ಮಾಡುತ್ತೇವೆ. ಇಬ್ಬರಿಗೂ ಬೇರೆ ಬೇರೆ ಕಡೆ ಕೆಲಸ ಕೊಡುತ್ತಾರಂತೆ. ಎ.ಸಿ. ಬೇಡವಾದರೆ ನನ್ನದೇನು ಎಂದು ನಾನು ಯೋಚಿಸುತ್ತಿದ್ದೆ. ಭಾವ ಯೋಚಿಸುತ್ತಿದ್ದುದು ಬೇರೆ. ಈ ಕಪಾಟು ಹೋದರೆ ಅವನು ನನ್ನ ಜೊತೆ ಇರೋಕೆ ಒಂದು ಕಾರಣವೂ ಉಳಿಯಲ್ಲ, ಅಷ್ಟರೊಳಗೆ ಆ ಮಾತು ಅವನಿಗೆ ಮುಟ್ಟಬೇಕು ಎಂದು ನನಗೆ ಹೇಳಿದರು. ನಾನು ಹೇಳಲಾ ಎಂದೆ. ಬೇಡ ಎಂದರು. ನಡುವೆ ಇನ್ನೊಬ್ಬರು ಬಂದರೆ ಅದು ನಾನು ಹೇಳಿದ ಹಾಗೆ ಆಗಲ್ಲ ಎಂದರು.

ಅಲ್ಲಿಂದ ಮುಂದೆ ಪ್ರತಿ ದಿನ ಅವರು ಹೇಳಲು ಹೊರಡುವುದು, ನಿಲ್ಲುವುದು. ಟೀ ಲೋಟ ಹಿಡಿದು ಬ್ಯಾಟರಿಯ ಕುರ್ಚಿಯ ಹತ್ತಿರ ಹೋಗುತ್ತಿದ್ದರು. ಅವನು ತಲೆ ಎತ್ತಿದರೆ ದಾರಿ ಬದಲಿಸಿ ಕಸದ ಬುಟ್ಟಿಯವರೆಗೆ ಹೋಗಿ ಬರುತ್ತಿದ್ದರು. ಅವನು ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ನಾನು ಇಬ್ಬರನ್ನೂ ನೋಡುತ್ತಾ ಸುಮ್ಮನೆ ಸ್ಕ್ರೂ ಬಿಗಿಯುತ್ತಿದ್ದೆ.

ಕೊನೆಯ ಸಲ ಜಾಲರಿ ಬದಲಿಸುವ ದಿನ ಬಂತು. ಬೆಳಗಿನ ಹೊತ್ತು. ನಾನು ಕಪಾಟಿನ ಪಕ್ಕದಲ್ಲಿ ಸ್ಟೂಲು ಹತ್ತಿ ಗಾಳಿ ಬರುವ ಕಿಂಡಿ ಒರೆಸುತ್ತಿದ್ದೆ. ಅಲ್ಲಿಂದ ನನಗೆ ಮುಂದೆ ನಿಂತ ಭಾವನೂ ಕಾಣುತ್ತಿದ್ದರು, ಹಿಂದೆ ಕುಕ್ಕರಗಾಲಲ್ಲಿ ಕೂತ ಬ್ಯಾಟರಿಯೂ ಕಾಣುತ್ತಿದ್ದ. ಎಡಗಡೆಯದು ಮಲಗಿತು. ಅವನು ಎಳೆದ, ಬದಲಿಸಿದ, ಸಿಕ್ಕಿಸಿದ. ಎಡಗಡೆಯದು ಏಳಲಿ. ಭಾವ ಗುಂಡಿ ಒತ್ತಿದರು. ದೀಪ ಹಳದಿಯಾಯಿತು. ಇನ್ನು ಅದು ತುಂಬಿಕೊಳ್ಳುವವರೆಗೆ ಕಾಯುವುದು. ಬ್ಯಾಟರಿ ಎಂದಿನ ಹಾಗೆ ಬಲಗಡೆಯ ಕೇಬಲ್ ಮೇಲೆ ಕೈ ಇಟ್ಟುಕೊಂಡು, ತಲೆ ಬಗ್ಗಿಸಿ ಕೂತಿದ್ದ.

ಭಾವ ಎರಡೂ ಕೈಯಲ್ಲಿ ಕಪಾಟಿನ ಬಾಗಿಲು ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಅವರು ಏನು ಮಾಡಲು ಹೊರಟಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಹಿಂದೆ ಕೂತವನ ಮುಖ ಅವರಿಗೆ ಕಾಣುವುದಿಲ್ಲ. ಅವನಿಗೂ ಇವರದು ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಅವರಿಗೆ ಎಲ್ಲೂ ಸಿಗುತ್ತಿರಲಿಲ್ಲ.

"ಬೇಡ ಅಂದವಳು ಅವಳೇ," ಎಂದರು. "ನೀನು ಕಲಿತು ಬರಲಿ ಅಂತ ನನ್ನ ಕೈಲಿ ಮಾತು ತಗೊಂಡಳು. ನಾನು ಮೀರಬೇಕಾಗಿತ್ತು, ಮೀರಲಿಲ್ಲ."

ಒಂದೇ ಉಸಿರಿಗೆ ಹೇಳಿದರು. ಆದರೆ ಮೊದಲ ಅಕ್ಷರ ಬಾಯಿಂದ ಬೀಳುತ್ತಿದ್ದ ಹಾಗೇ ಬ್ಯಾಟರಿ ಕೇಬಲ್ ಎಳೆದುಬಿಟ್ಟಿದ್ದ. ಅಷ್ಟು ವರ್ಷ ಜಾಲರಿ ಬದಲಿಸುವಾಗ ಕಪಾಟಿನ ಮುಂದಿನಿಂದ ಆ ಕೆಲಸದ ಮಾತೊಂದು ಬಿಟ್ಟು ಬೇರೆ ಮಾತೇ ಬಂದಿರಲಿಲ್ಲ. ದನಿ ಬಂದರೆ ಎಳೆಯಬೇಕು. ಅವನ ಕಿವಿಗಿಂತ ಮುಂಚೆ ಅವನ ಕೈಗೆ ಅದು ಗೊತ್ತಿತ್ತು. ಬಲಗಡೆಯ ಫ್ಯಾನುಗಳು ನಿಧಾನವಾದವು. ಅವನ ತಲೆಯ ಮೇಲೇ ಗೋಡೆಯಲ್ಲಿದ್ದ ಗಂಟೆ ಕಿರ್ರೆಂದು ಹೊಡೆದುಕೊಳ್ಳಲು ಶುರುವಾಯಿತು. ಭಾವ ಆಗ ಕಣ್ಣು ಬಿಟ್ಟರು. ದೀಪಗಳು ಕೆಂಪಗಿದ್ದವು.

ಬ್ಯಾಟರಿ ನೆಲದ ಮೇಲೆ ಕೂತುಬಿಟ್ಟಿದ್ದ. ಕೇಬಲ್ ಅವನ ಕೈಯಲ್ಲೇ ಇತ್ತು. ಅವನು ಅದನ್ನು ನೋಡುತ್ತಿರಲಿಲ್ಲ. ಕಪಾಟಿನ ಹಿಂಬದಿಯನ್ನು ನೋಡುತ್ತಿದ್ದ, ಅದರ ಆಚೆ ಯಾರೋ ಕಾಣುತ್ತಾರೇನೋ ಅನ್ನುವ ಹಾಗೆ. ಆಮೇಲೆ ಅವನು ಎದ್ದ, ಇಬ್ಬರೂ ಸೇರಿ ಯಂತ್ರವನ್ನು ಮೊದಲಿನಿಂದ ಎಬ್ಬಿಸಿದರು. ಒಬ್ಬರು ಸ್ನಾನ ಮುಗಿಸಿ ಬರುವಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಮೇಲಿನವರು ಕಾಗದದ ಮೇಲೆ ಬರೆದುಕೊಂಡು, ತಮ್ಮ ತಮ್ಮ ಮೊಬೈಲಿನಿಂದ ಡ್ರೈವರುಗಳಿಗೆ ಹೇಳಿದರು. ಬಚ್ಚಲಲ್ಲಿ ಜಾರಿಬಿದ್ದ ಒಬ್ಬ ಅಜ್ಜಿ ಗಾಡಿಗಾಗಿ ಬಹಳ ಹೊತ್ತು ಕಾದರು. ಉಳಿದರು. ಆಸ್ಪತ್ರೆಯಿಂದಲೇ ಫೋನ್ ಮಾಡಿಸಿ ನಮ್ಮನ್ನೆಲ್ಲ ಬೈದರು. ಬೈದದ್ದು ಕೇಳಿ ನನಗೆ ಜೀವ ಬಂತು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮೇಲಿನ ಚಿಕ್ಕ ಕೋಣೆಯಲ್ಲಿ ನಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ದೀಪ ಹಳದಿ ಇರುವಾಗ ಯಾಕೆ ಎಳೆದೆ ಎಂದು ಬ್ಯಾಟರಿಯನ್ನು ಕೇಳಿದರು. ಕೈ ತಪ್ಪಿತು ಎಂದ. ಮುಂದೆ ಇದ್ದವರು ಏನಾದರೂ ಹೇಳಿದರಾ ಎಂದು ಕೇಳಿದರು.

"ಇಲ್ಲ ಸರ್," ಎಂದ ಬ್ಯಾಟರಿ. "ಅವರು ಏನೂ ಹೇಳಲಿಲ್ಲ."

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಹೇಳಿದೆ ಸರ್, ನಾನು ಮಾತಾಡಿದೆ, ತಪ್ಪು ನನ್ನದು ಎಂದರು. ಏನು ಹೇಳಿದಿರಿ ಎಂದರು ಅಧಿಕಾರಿ. ಆ ಮೇಜು, ಆ ಪೆನ್ನು, ಆ ಹೊರಗಿನ ಮನುಷ್ಯನ ಮುಂದೆ ಅಕ್ಕನ ಮಾತನ್ನು ಇಡಲು ಭಾವನಿಗೆ ಆಗಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿದರು. ಎ.ಸಿ. ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ ಎಂದೆ. ಕೇಳಿಸಿತ್ತು. ಆದರೆ ಅದು ನನಗೆ ಹೇಳಿದ ಮಾತಲ್ಲ.

ಬ್ಯಾಟರಿಯನ್ನು ಆ ವಾರವೇ ಗಾಡಿಗಳ ಡಿಪೋಗೆ ಹಾಕಿದರು. ಊರಿನ ಇನ್ನೊಂದು ತುದಿ. ಮತ್ತೆ ಬ್ಯಾಟರಿಗಳ ಕೆಲಸ. ಭಾವ ಸರ್ವರ್ ತೆಗೆಯುವವರೆಗೆ ಕೋಣೆಯಲ್ಲೇ ಉಳಿದರು. ಒಬ್ಬರೇ. ಸ್ಕ್ರೀನಿನ ಮುಂದೆ ಕೂರುತ್ತಿದ್ದರು, ಆದರೆ ಸೋಮಾರಿಯ ವಿಷಯ ತೆಗೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೇಳಿದರು.

"ನಾನು ಏನೂ ಹೇಳಲಿಲ್ಲ ಅಂತ ಅವನು ಅಂದನಲ್ಲ. ನನ್ನ ಉಳಿಸೋಕೆ ಅಂದನೋ, ನಿಜವಾಗ್ಲೂ ಕೇಳಿಸಲಿಲ್ವೋ?"

ಕೇಳಿಸಿತು ಭಾವ, ನಾನು ಅವನ ಮುಖ ನೋಡಿದೆ ಎಂದೆ. ಅವರು ತಲೆಯಾಡಿಸಿದರು. ಗಂಟೆ ಅವನ ತಲೆ ಮೇಲೇ ಇತ್ತಲ್ಲಪ್ಪ, ಕೇಳಿಸಿದ್ದರೆ ಒಂದು ಬೈಗುಳವಾದರೂ ಬರುತ್ತಿತ್ತು ಎಂದರು. ನೀವೇ ಡಿಪೋಗೆ ಹೋಗಿ ಇನ್ನೊಂದು ಸಲ ಹೇಳಿ ಎಂದೆ. ಒಂದು ಸಲ ಹೇಳಿದ್ದಕ್ಕೇ ಅವನ ಇಲ್ಲಿನ ಕೆಲಸ ಹೋಯಿತು, ಇನ್ನೊಂದು ಸಲ ಹೇಳಿ ಏನು ಕಳೆಯಲಿ ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಸರ್ವರನ್ನು ಒಂದು ದಿನ ಬಂದು ಬಿಚ್ಚಿಕೊಂಡು ಹೋದರು. ಎಡಗಡೆಯದು ಒಂದು ಗಾಡಿಯಲ್ಲಿ, ಬಲಗಡೆಯದು ಇನ್ನೊಂದರಲ್ಲಿ. ಭಾವನನ್ನು ಗೇಟಿನ ಹತ್ತಿರ ಬಂದವರಿಗೆ ಪಾಸ್ ಕೊಡಲು ಕೂರಿಸಿದರು. ನನಗೆ ಡಿಪೋದಲ್ಲಿ ಆಂಬುಲೆನ್ಸ್‌ಗಳ ಎ.ಸಿ. ನೋಡುವ ಕೆಲಸ ಸಿಕ್ಕಿತು.

ಅಲ್ಲಿ ಬ್ಯಾಟರಿ ಶೆಡ್ಡಿನ ಮೂಲೆಯಲ್ಲಿ ಒಬ್ಬನೇ ಕೂತು ಊಟ ಮಾಡುತ್ತಿದ್ದ. ಬೇರೆಯವರ ಜೊತೆ ಸೇರುತ್ತಿರಲಿಲ್ಲ. ನಾನು ಅವನ ಪಕ್ಕ ಡಬ್ಬಿ ತೆರೆದು ಕೂರಲು ಶುರು ಮಾಡಿದೆ. ಬಹಳ ದಿನ ಏನೂ ಕೇಳಲಿಲ್ಲ. ಒಂದು ದಿನ ಅವನೇ, ಗೇಟಲ್ಲಿ ಬಿಸಿಲು ಜಾಸ್ತಿಯಾ ಎಂದ. ಯಾರಿಗೆ ಎಂದು ಹೇಳಲಿಲ್ಲ. ಜಾಸ್ತಿನೇ, ಮಧ್ಯಾಹ್ನ ನೆರಳು ಇರಲ್ಲ ಎಂದೆ. ಆಮೇಲೆ ಆ ದಿನದ ಮಾತು ಕೇಳಿಸಿತಾ ಎಂದು ನೇರವಾಗಿ ಕೇಳಿಬಿಟ್ಟೆ.

ಅವನು ಡಬ್ಬಿ ಮುಚ್ಚಿದ.

"ಕೇಳಿಸ್ತು. ಗಂಟೆ ಹೊಡೀತಿತ್ತು, ಆದ್ರೂ ಒಂದಕ್ಷರ ಬಿಡದೆ ಕೇಳಿಸ್ತು." ಡಬ್ಬಿ ಪಕ್ಕಕ್ಕಿಟ್ಟು ಹೇಳಿದ, "ನಂಗದು ಮೊದಲೇ ಗೊತ್ತಿತ್ತು ಕಣೋ. ಅಕ್ಕನ ಬುದ್ಧಿ ನಂಗೆ ಗೊತ್ತಿಲ್ವಾ. ಆದ್ರೆ ಸತ್ತವಳ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳೋದು? ಅವರು ಎದುರಿಗಿದ್ರು, ಅವರ ಮೇಲೆ ಮಾಡ್ಕೊಂಡೆ. ಈಗ ಅವರೂ ಹೇಳಿಬಿಟ್ರು. ಇನ್ನು ಏನಿಟ್ಕೊಂಡಿರಲಿ ನಾನು?"

ಹೋಗಿ ಮಾತಾಡು ಎಂದೆ. ಏನಂತ ಶುರು ಮಾಡ್ಲಿ ಎಂದ. ಅಷ್ಟು ವರ್ಷ ಬಿಟ್ಟ ಮಾತನ್ನು ಎಲ್ಲಿಂದ ಹಿಡಿಯುತ್ತಾರೆ.

ಆ ಸಂಜೆಯೇ ನಾನು ಭಾವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಮಂಚದ ಅಂಚಿನಲ್ಲಿ ಕೂತು ಕೇಳಿದರು. ಮುಟ್ಟಿತಲ್ಲ ಬಿಡು ಎಂದರು ಕೊನೆಗೆ. ಅವನು ಸಣ್ಣಗಾಗಿದಾನಾ ಎಂದು ಕೇಳಿದರು. ಸ್ವಲ್ಪ ಎಂದೆ. ನನಗೆ ಟೀ ಮಾಡಿ ಕೊಟ್ಟರು. ಅವರೂ ಕುಡಿದರು. ಅವರು ಖುಷಿಪಟ್ಟರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಗಿಲವರೆಗೆ ಬಂದು, ದಾರಿಯಲ್ಲಿ ದೀಪವಿಲ್ಲ, ನೋಡಿಕೊಂಡು ಹೋಗು ಎಂದರು.

ಆಮೇಲೆ ಬ್ಯಾಟರಿ ಗೇಟಿಗೆ ಬರಲಿಲ್ಲ. ಭಾವ ಡಿಪೋಗೆ ಹೋಗಲಿಲ್ಲ. ಇನ್ನೇನು ಇದು ಹೀಗೇ ಮುಗಿಯಿತು ಎಂದುಕೊಂಡಿದ್ದೆ.

ಇತ್ತೀಚೆಗೆ ರಜ ಹಾಕಿದ್ದ ಒಂದು ದಿನ ಸಂಜೆ, ಕೆಲಸ ಬಿಡುವ ಹೊತ್ತಿನ ಸಿಟಿ ಬಸ್ಸಿನಲ್ಲಿ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಭಾವ ಮುಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ವಾರದ ಕೊನೆಯಲ್ಲಿ ಅವರು ಆ ಬಸ್ಸಿನಲ್ಲಿ ಮಂಡಿಯ ಡಾಕ್ಟರ ಹತ್ತಿರ ಹೋಗುತ್ತಾರೆ. ಡಿಪೋ ಸ್ಟಾಪಿನಲ್ಲಿ ಜನ ನುಗ್ಗಿದರು. ಅವರ ಜೊತೆ ಬ್ಯಾಟರಿಯೂ ಹತ್ತಿದ. ಕೂರಲು ಜಾಗವಿರಲಿಲ್ಲ. ಜನ ತಳ್ಳಿ ತಳ್ಳಿ ಅವನು ಭಾವನ ಸೀಟಿನ ಪಕ್ಕಕ್ಕೇ ಬಂದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಭಾವ ಕಿಟಕಿಯ ಕಡೆ ತಿರುಗಿಕೊಂಡರು.

ಅವನು ಮೇಲಿನ ಕಂಬಿ ಹಿಡಿದು ಮೂರು ಸ್ಟಾಪು ಹಾಗೇ ನಿಂತ. ಅವನ ಹೆಗಲ ಬ್ಯಾಗು ಪ್ರತಿ ತಿರುವಿನಲ್ಲಿ ಪಕ್ಕದವರಿಗೆ ಬಡಿಯುತ್ತಿತ್ತು. ಒಬ್ಬ ಹೆಂಗಸು ಗದರಿದಳು. ಆಗ ಅವನು ಬ್ಯಾಗು ಇಳಿಸಿ, ನಿಂತವರು ಕೂತವರಿಗೆ ಕೊಡುತ್ತಾರಲ್ಲ ಹಾಗೆ, ಭಾವನ ತೊಡೆಯ ಮೇಲೆ ಇಟ್ಟ. ಗುರುತಿಲ್ಲದವರಿಗೂ ಜನ ಹಾಗೆ ಕೊಡುತ್ತಾರೆ. ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಡಾಕ್ಟರ ಸ್ಟಾಪು ಬಂತು, ಹೋಯಿತು. ಭಾವ ಇಳಿಯಲಿಲ್ಲ. ನಾನು ಇಳಿಯಬೇಕಾದ ಜಾಗ ಬಂದಾಗ ಬಸ್ಸು ಅರ್ಧ ಖಾಲಿಯಾಗಿತ್ತು. ಬ್ಯಾಟರಿ ಇನ್ನೂ ಭಾವನ ಸೀಟಿನ ಪಕ್ಕ ನಿಂತೇ ಇದ್ದ, ಬ್ಯಾಗು ಭಾವನ ತೊಡೆಯ ಮೇಲೇ ಇತ್ತು.